ಏರದ, ಮುಳುಗದ ತಂಡಕ್ಕೆ ಬಂಗಡೆಯ ದೂರು

ಇವರಿಗೆ,
ಮಾನ್ಯ ಅಧ್ಯಕ್ಷರು,
ಸಾಲ್ಟ್‌ಮೌತ್ ಟೌನ್ ಫುಟ್‌ಬಾಲ್ ಕ್ಲಬ್,
ಸಾಲ್ಟ್‌ಮೌತ್ ಬಂದರು, ಇಂಗ್ಲೆಂಡ್.

ಇವರಿಂದ,
ಕಲಾವತಿ ಜಟ್ಟಪ್ಪ ಹರಿಕಂತ್ರ,
ಕೇಣಿ, ಅಂಕೋಲಾ ತಾಲೂಕು, ಉತ್ತರ ಕನ್ನಡ.
ದಸರೆಯ ವಾರ, ೨೦೦೭.

ವಿಷಯ: ತಮ್ಮ ತಂಡವು ಮೇಲೇರಲೂ ಒಲ್ಲದೆ, ಮುಳುಗಲೂ ಒಲ್ಲದೆ ನಡುವೆಯೇ ತೇಲುತ್ತಿರುವುದರಿಂದ ನಮ್ಮ ಮನೆಯ ಬಂಗಡೆಗೆ ಉಂಟಾಗಿರುವ ತೊಂದರೆ.

ಮಾನ್ಯರೇ,

ತಮಗೂ, ತಮ್ಮ ಹನ್ನೊಂದು ಮಂದಿ ಆಟಗಾರರಿಗೂ, ಅವರ ಕಾಲಿಗೆ ಎಣ್ಣೆ ತಿಕ್ಕುವವರಿಗೂ, ಮಳೆಯಲ್ಲಿ ನೆನೆಯುತ್ತ ಚಪ್ಪಾಳೆ ತಟ್ಟುವ ತಮ್ಮ ಊರಿನ ಸಹನಶೀಲ ಜನರಿಗೂ ಅರಬ್ಬೀ ಸಮುದ್ರದ ಈ ದಂಡೆಯಿಂದ ಕೈಜೋಡಿಸಿ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ಪ್ರತಿ ರವಿವಾರ ಬೆಳಿಗ್ಗೆ ನನ್ನ ಅಳಿಯನಿಂದ ತಿಳಿಯುತ್ತದೆ. ತಾವು ಹೀಗೆ ಮಿತಿಮೀರಿ ಕ್ಷೇಮವಾಗಿರುವುದೇ ಈ ಪತ್ರಕ್ಕೆ ಕಾರಣ.

ನಮ್ಮ ಕೇರಿಯ ಅರ್ಜಿಗಳನ್ನೆಲ್ಲ ಬರೆಯುವವಳು ನಾನು. ಬಂದರಿನ ಹೂಳಿಗೆ, ನಲ್ಲಿಯ ನೀರಿಗೆ, ಬೀದಿಯ ದೀಪಕ್ಕೆ, ಎಲ್ಲದಕ್ಕೂ ಬರೆದಿದ್ದೇನೆ. ಉತ್ತರ ಬಂದದ್ದು ಕಡಿಮೆ, ಆದರೆ ಅಕ್ಷರ ದುಂಡಗಿದೆ ಎಂದು ಎಲ್ಲ ಕಚೇರಿಯವರೂ ಒಪ್ಪಿದ್ದಾರೆ. ಹೊರದೇಶಕ್ಕೆ ಬರೆಯುತ್ತಿರುವುದು ಇದೇ ಮೊದಲು. ಕನ್ನಡದಲ್ಲಿ ಯಾಕೆ ಬರೆದೆ ಎಂದು ತಾವು ಕೇಳಬಹುದು. ತಮ್ಮ ತಂಡ ಏನು ಆಡುತ್ತಿದೆ ಎಂಬುದು ನಮಗೂ ಅರ್ಥವಾಗುವುದಿಲ್ಲ, ನಾವು ಸಹಿಸಿಕೊಂಡಿಲ್ಲವೇ?

ತಮ್ಮ ಕ್ಲಬ್ಬು ನಮ್ಮ ಮನೆ ಹೊಕ್ಕದ್ದು ಹೀಗೆ. ನನ್ನ ಮೈದುನ ರೋಷನ ಹಡಗಿನಲ್ಲಿ ಅಡುಗೆ ಮಾಡುತ್ತಾನೆ. ಕಳೆದ ವರ್ಷ ಅವನ ಹಡಗು ರಿಪೇರಿಗೆಂದು ತಮ್ಮ ಬಂದರಿನಲ್ಲಿ ನಿಂತಿದ್ದಾಗ, ತಮ್ಮ ತಂಡದ ಅಂಗಿಗಳನ್ನು ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದರಂತೆ. ಆಗಷ್ಟೇ ತಾವು ಒಂದನೇ ದರ್ಜೆಯಿಂದ ಎರಡನೇ ದರ್ಜೆಗೆ ಬಿದ್ದಿದ್ದರಿಂದ ತಮ್ಮ ಊರಿನವರು ಅವನ್ನು ಮೂಸಿಯೂ ನೋಡುತ್ತಿರಲಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಅಂಥದೊಂದು ನೀಲಿ ಅಂಗಿಯನ್ನು ಅವನು ತನ್ನ ಅಣ್ಣನಿಗೆ, ಅಂದರೆ ನನ್ನ ಯಜಮಾನರಾದ ಜಟ್ಟಪ್ಪನವರಿಗೆ ತಂದುಕೊಟ್ಟ. ಅಂಗಿಯ ಎದೆಯ ಮೇಲೆ ಒಂದು ಮೀನು. ಯಜಮಾನರು ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಬಂಗ್ಡೆಯೇ ಸೈ! ಹಂಗಾರೆ ಇವ್ರೂ ನಮ್ಮವ್ರೇ!" ಎಂದು ಕುಣಿದರು. ಅದು ಯಾವುದೋ ಬೇರೆ ಮೀನೆಂದು ಹೇಳಲು ರೋಷನ ಬಾಯಿ ತೆರೆದದ್ದನ್ನು ನಾನು ನೋಡಿದೆ, ಅಣ್ಣನ ಮುಖ ನೋಡಿ ಮುಚ್ಚಿದ್ದನ್ನೂ ನೋಡಿದೆ.

ಮರುದಿನ ನೂಲು ಹುಣ್ಣಿಮೆ. ಮಳೆಗಾಲವೆಲ್ಲ ದಡದಲ್ಲಿ ಕೂತಿದ್ದ ನಾವು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸುವ ದಿನ. ಯಜಮಾನರು ಆ ನೀಲಿ ಅಂಗಿ ತೊಟ್ಟೇ ಕಾಯಿ ಬಿಟ್ಟರು. ಅಂದು ಬಿದ್ದ ಬಂಗಡೆಯನ್ನು ಎಳೆಯಲು ಪಕ್ಕದ ದೋಣಿಯವರನ್ನೂ ಕೂಗಿ ಕರೆಯಬೇಕಾಯಿತು. ಸಂಜೆ ಮನೆಗೆ ಬಂದಾಗ ತಾವು ಮೇಲಿನ ದರ್ಜೆಯಿಂದ ಬಿದ್ದ ಸುದ್ದಿಯನ್ನು ರೋಷನ ಹೇಳಿದ. ಯಜಮಾನರ ಕಣ್ಣಲ್ಲಿ ನೀರು. "ನಮ್ಗೆ ಇಷ್ಟು ಕೊಟ್ಟವ್ರು ಬಿದ್ಕಂಡಾರೆ, ನಾ ಬಂಗ್ಡೆ ತಿನ್ಕಂತೆ ಕೂರೂದೋ?" ಎಂದವರೇ ಸೀದಾ ಜಟಗ ದೇವರ ಕಟ್ಟೆಗೆ ಹೋಗಿ ಹರಕೆ ಹೊತ್ತರು: ಸಾಲ್ಟ್‌ಮೌತ್ ಟೌನ್ ತಂಡವು ಎರಡನೇ ದರ್ಜೆ ಬಿಡುವವರೆಗೆ ನನ್ನ ಬಾಯಿಗೂ ಬಂಗಡೆಯಿಲ್ಲ, ನನ್ನ ಮನೆಯ ಒಲೆಗೂ ಬಂಗಡೆಯಿಲ್ಲ.

ಅಯ್ಯೋ ದೇವರೇ! ಕ್ರಿಕೆಟ್ಟಿನವರ ಹರಕೆ ಹೊತ್ತಿದ್ದರೆ ಸಂಜೆಯೊಳಗೆ ಏನಾದರೊಂದು ಆಗಿಹೋಗುತ್ತಿತ್ತು. ಇದು ಆಗಸ್ಟಿನಿಂದ ಮೇವರೆಗೆ ನಡೆಯುವ ಆಟವಂತೆ, ಅಂದರೆ ನಾವು ಮೀನು ಹಿಡಿಯುವಷ್ಟು ದಿನವೂ. ಮೇಲಾಗಿ ಬಿದ್ದವರು ಆಡುವ ಆ ಎರಡನೇ ದರ್ಜೆಗೆ ತಮ್ಮ ದೇಶದಲ್ಲಿ 'ಚಾಂಪಿಯನ್‌ಶಿಪ್' ಎಂದು ಹೆಸರಿಟ್ಟಿದ್ದಾರೆ ಎಂದು ಕೇಳಿ ತಮ್ಮವರ ಸೌಜನ್ಯಕ್ಕೆ ತಲೆಬಾಗಿದೆ. ನಮ್ಮಲ್ಲಿ ಎರಡು ಸಲ ಫೇಲಾದವನನ್ನು ಹೆಡ್ಮಾಸ್ತರ ಎಂದು ಕರೆಯುವ ರೂಢಿ ಇನ್ನೂ ಬಂದಿಲ್ಲ.

ತಮಗೆ ಬಂಗಡೆ ಎಂದರೇನೆಂದು ಗೊತ್ತಿರಲಿಕ್ಕಿಲ್ಲ. ಕಾಯಿ, ಒಣಮೆಣಸು ನುಣ್ಣಗೆ ಅರೆದು, ಮುರುಗಲ ಹುಳಿ ಬಿಟ್ಟು, ಇಳಿಸುವ ಮುಂಚೆ ಘಮಘಮಿಸುವ ನಾಲ್ಕು ಕಾಡುಮಸಾಲೆ ಜುಮ್ಮನಕಾಯಿ ಜಜ್ಜಿ ಹಾಕಿದ ಬಂಗಡೆ ಸಾರನ್ನು ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಸುರಿದುಕೊಂಡರೆ ಜಗಳವಾಡುತ್ತಿದ್ದ ಅತ್ತೆ ಸೊಸೆ ಇಬ್ಬರೂ ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ನನಗಂತೂ ಅದಿಲ್ಲದ ಊಟ ಊಟವೇ ಅಲ್ಲ. ಅಂಥವಳು ನಮ್ಮ ದೋಣಿಯ ಬಂಗಡೆಯನ್ನೇ ಬುಟ್ಟಿಯಲ್ಲಿ ಹೊತ್ತು ಶೆಟಗೇರಿಯವರಿಗೆ ಮಾರಿ, ಮನೆಗೆ ಬಂದು ತೊಂಡೆಕಾಯಿ ಹೆಚ್ಚಿದೆ. ನಮ್ಮ ಬೆಕ್ಕೂ ದಂಡೆಯ ಮೇಲೆ ಹೋಗಿ ಬಂಗಡೆ ತಿಂದು ಬರುತ್ತಿತ್ತು. ತಡೆಯಲಾರದ ದಿನ ನಾನೂ ಪಕ್ಕದ ದುರ್ಗಿಯ ಮನೆಯಲ್ಲಿ ಕೂತು ಉಂಡು ಬರುತ್ತಿದ್ದೆ. ಹರಕೆ ಯಜಮಾನರದು, ನನ್ನದಲ್ಲವಲ್ಲ.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ನನಗೊಬ್ಬಳು ಮಗಳಿದ್ದಾಳೆ, ಮನಿಷಾ. ತಮ್ಮ ಆಟ ನಮ್ಮ ಟೀವಿಯಲ್ಲಿ ಬರುವುದಿಲ್ಲವಾದ್ದರಿಂದ ಫಲಿತಾಂಶ ತಿಳಿಯಲು ಯಜಮಾನರು ಅವಳನ್ನು ಕರೆದುಕೊಂಡು ಕಾರವಾರ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಅಮದಳ್ಳಿಯ ಸಂಕೇತ, ನಮ್ಮದೇ ಜಾತಿಯ ಹುಡುಗ, ನಗುಮುಖ. ಮುಂದಿನ ವಾರದಿಂದ ತಾವು ಬರುವುದೇ ಬೇಡ, ನಾನೇ ರವಿವಾರ ಬೆಳಿಗ್ಗೆ ಫೋನು ಮಾಡುತ್ತೇನೆ ಎಂದ. ಮಾಡಿದ. ಫೋನು ಎತ್ತುತ್ತಿದ್ದವಳು ಮನಿಷಾ. ಒಂದಕ್ಕೊಂದು ಡ್ರಾ ಎಂದು ಹೇಳಲು ಒಂದು ತಾಸು ಯಾಕೆ ಬೇಕು, ಹೇಳಿ! ಆ ಹುಡುಗಿ ಹಿತ್ತಲ ಬಾಗಿಲಲ್ಲಿ ನಿಂತು ತಮ್ಮ ತಂಡದ ಸೋಲು ಕೇಳಿ ನಗುತ್ತಿದ್ದ ಪರಿ ನೋಡಿ ನನಗೆ ಎಲ್ಲವೂ ತಿಳಿಯಿತು. ಈ ಸಂಬಂಧ ಕೂಡಿಸಿದ ಪುಣ್ಯ ತಮ್ಮದೇ. ಅದನ್ನು ಮುರಿಯಲು ಹೊರಟ ಪಾಪವೂ ತಮ್ಮದೇ.

ದೀಪಾವಳಿ ಕಳೆದ ಮೇಲೆ ಸಂಕೇತನ ತಂದೆ ಪುಟ್ಟು ಅವರು ನಮ್ಮಲ್ಲಿಗೆ ಬಂದರು. ಬಹಳ ಒಳ್ಳೆಯ ಮನುಷ್ಯ, ಮೆದು ಮಾತು, ಹಟ ಮಾತ್ರ ಕಲ್ಲು. ಅವರ ಮನೆತನದಲ್ಲೊಂದು ಪದ್ಧತಿ: ನಿಶ್ಚಯದ ದಿನ ಬೀಗರಿಬ್ಬರೂ ಒಂದೇ ಬಾಳೆಲೆಗೆ ಕೂತು ಒಂದೇ ಬಂಗಡೆಯನ್ನು ಹಂಚಿಕೊಂಡು ತಿನ್ನಬೇಕು. "ತಲೆ ಬದಿ ಹೆಣ್ಣಿನ ಅಪ್ಪಂಗೆ, ಬಾಲದ ಬದಿ ನಂಗೆ. ನಮ್ಮಜ್ಜನ ಕಾಲದಿಂದ್ಲೂ ಹಿಂಗೇ ಬೀಗರೇ, ಇದು ಆಗ್ದೆ ನಿಶ್ಚಯ ಆಗೂದಿಲ್ಲ." ನಮ್ಮವರ ಮುಖ ಬಿಳಿಚಿಕೊಂಡಿತು. ಬಂಗಡೆಗಿಂತ ದುಬಾರಿ ಮೀನು ಇಸ್ವಾಣ ಕೊಡುತ್ತೇವೆ ಎಂದೆವು. ಪಾಂಪ್ಲೆಟ್ ಕೊಡುತ್ತೇವೆ ಎಂದೆವು. ಪುಟ್ಟು ಅವರು ನಕ್ಕು, ಹರಕೆ ದೊಡ್ಡದು, ಮುಗಿಯಲಿ, ಕಾಯೋಣ ಎಂದರು. ಮಳೆಗೆ ಮೊದಲು ಮುಗಿದರೆ ಮದುವೆ, ಇಲ್ಲವಾದರೆ ಮುಂದೆ ನೋಡೋಣ ಎಂದೂ ಸೇರಿಸಿದರು. ಈ 'ಮುಂದೆ ನೋಡೋಣ' ಎಂಬುದರ ಅರ್ಥ ಹೆಣ್ಣು ಹೆತ್ತವರಿಗೆ ಗೊತ್ತು. ಅಗಸೂರಿನಲ್ಲಿ ಸಂಕೇತನ ಸೋದರತ್ತೆ ಗಂಗೆ ಎಂಬವಳು ಆಗಲೇ ಬೇರೊಂದು ಜಾತಕ ಹಿಡಿದು ಕಾಯುತ್ತಿದ್ದಳು.

ಹರಕೆ ಮುರಿದರಾಯಿತಪ್ಪ ಎಂದು ತಾವು ಹೇಳಬಹುದು. ತಾವು ನೆಲದ ಮೇಲೆ ಆಡುವವರು. ನಮ್ಮವರು ಬೆಳಗಾದರೆ ನೀರಿನ ಮೇಲಿರುತ್ತಾರೆ. ದೇವರಿಗೆ ಕೊಟ್ಟ ಮಾತು ಮುರಿಸಿ ಗಂಡನನ್ನು ಸಮುದ್ರಕ್ಕೆ ಕಳಿಸುವ ಧೈರ್ಯ ನನಗಿಲ್ಲ. ಮಗಳ ಮುಖ ನೋಡಿದರೆ ಅಳು, ಗಂಡನ ಮುಖ ನೋಡಿದರೆ ಸಿಟ್ಟು, ತಮ್ಮ ಅಂಕಪಟ್ಟಿ ನೋಡಿದರೆ ಎರಡೂ.

ಕೊನೆಗೆ ಜಟಗನ ಪೂಜೆ ಮಾಡುವ ಗುನಗರನ್ನು ಕೇಳಿದೆ. ಅವರು ಪ್ರಸಾದ ನೋಡಿ, "ತಂಡ ಆ ದರ್ಜೆ ಬಿಡ್ಬೇಕು, ಅಷ್ಟೇಯ. ಮೇಲೆ ಹೋಗ್ಲಿ, ಕೆಳಗೆ ಹೋಗ್ಲಿ, ದೇವ್ರಿಗೆ ಎಂತಾ ಆಗೂದದೆ?" ಎಂದರು. ನಾನು ಅಲ್ಲೇ ಅಡ್ಡಬಿದ್ದೆ. ಏಕೆಂದರೆ ಆ ವಾರ ತಾವು ಕೆಳಗಿನಿಂದ ಎರಡನೆಯವರಾಗಿದ್ದಿರಿ, ಕೊನೆಯ ಮೂರು ತಂಡಗಳು ಮೂರನೇ ದರ್ಜೆಗೆ ಬೀಳುತ್ತವೆಂದು ಸಂಕೇತ ಹೇಳಿದ್ದ. ಏರುವುದು ಕಷ್ಟವಿರಬಹುದು ಮಾರಾಯರೇ, ಬೀಳುವುದಕ್ಕೇನು?

ಆ ದಿನಗಳ ತಮ್ಮ ಆಟವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಗೋಲು ಕಾಯುವ ತಮ್ಮ ಗೋಲಿ ಮಹಾಶಯರ ಔದಾರ್ಯವನ್ನು ಏನೆಂದು ಬಣ್ಣಿಸಲಿ! ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಅಂಥ ಮನಸ್ಸು ಛತ್ರದ ಮ್ಯಾನೇಜರರಿಗೂ ಇರುವುದಿಲ್ಲ. ಅವರ ಆಯುಷ್ಯಕ್ಕಾಗಿ ನಾನು ಸೋಮವಾರ ಒಪ್ಪತ್ತು ಮಾಡಿದೆ. ಮನೆಯಲ್ಲಿ ಯಜಮಾನರು ನೀಲಿ ಅಂಗಿ ತೊಟ್ಟು ತಾವು ಗೆಲ್ಲಲೆಂದು ಕೈ ಮುಗಿದರೆ, ನಾನೂ ಮನಿಷಾಳೂ ಹಿಂದೆ ನಿಂತು ಅದೇ ದೇವರಿಗೆ ಕಣ್ಣಲ್ಲೇ ಬೇರೆ ಬಿನ್ನಹ ಮಾಡುತ್ತಿದ್ದೆವು.

ಹಾಗಿರುವಾಗ ಜನವರಿಯಲ್ಲಿ ತಾವು ಏನು ಮಾಡಿದಿರಿ? ಆ ದೇವತಾ ಮನುಷ್ಯನನ್ನು ಕೂರಿಸಿ, ಹೊಸ ಗೋಲಿಯನ್ನು ತಂದಿರಿ! ಅವನ ಕೈಗೆ ಬಂದದ್ದು ಜಾರುವುದೇ ಇಲ್ಲವಂತೆ. ತಾವು ಗೆಲ್ಲತೊಡಗಿದಿರಿ. ನಾನು ವಾರ ಪೂರ್ತಿ ತಮ್ಮನ್ನು ಬೈದೆ, ಆಮೇಲೆ ಯೋಚಿಸಿದೆ: ಆಗಲಿ, ಏರುವುದಾದರೆ ಏರಲಿ, ನನಗೇನು ಕೆಳಗಿನವರ ಮೇಲೆ ವಿಶೇಷ ಪ್ರೀತಿಯೇ? ಎಂದು ಪ್ರಾರ್ಥನೆಯ ದಿಕ್ಕು ತಿರುಗಿಸಿದೆ. ತಿರುಗಿಸಿದ್ದೇ ತಡ, ತಾವು ಮತ್ತೆ ಸೋತಿರಿ. ಮಾರ್ಚಿನಲ್ಲೊಂದು ರವಿವಾರ ಸಂಕೇತ ಫೋನು ಮಾಡಿ, ಲೆಕ್ಕದ ಪ್ರಕಾರ ತಾವು ಮೇಲೇರಲೂಬಹುದು, ಕೆಳಗೆ ಬೀಳಲೂಬಹುದು ಎಂದ. ಅಂದು ಮಾತ್ರ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಸಂತೋಷದಲ್ಲಿದ್ದೆವು. ಯಜಮಾನರು ಚಾ ತಾವೇ ಮಾಡಿದರು, ಮಗಳು ಹಾಡಿದಳು, ನಾನು ಜುಮ್ಮನಕಾಯಿ ಡಬ್ಬಿ ತೆರೆದು ಮೂಸಿ ನೋಡಿ ಇಟ್ಟೆ. ಆಮೇಲೆ ತಾವು ಡ್ರಾ ಮಾಡಿದಿರಿ. ಮತ್ತೆ ಡ್ರಾ. ಮತ್ತೂ ಡ್ರಾ. ನಮ್ಮಲ್ಲಿ ಬಲೆಯ ಹಗ್ಗ ಹಿಡಿದವರಿಗೆಲ್ಲ ಪಾಲು ಕೊಡುವ ಪದ್ಧತಿ ಇದೆ, ಸರಿ. ಆದರೆ ಎದುರಿಗೆ ಬಂದವರಿಗೆಲ್ಲ ಹೀಗೆ ಸಮಪಾಲು ಹಂಚುತ್ತ ಕೂತರೆ ಮನೆ ನಡೆಯುತ್ತದೆಯೇ?

ಇದರ ಮೂಲ ತಿಳಿದದ್ದು ಏಪ್ರಿಲಿನಲ್ಲಿ. ಸಂಕೇತ ತಮ್ಮ ಒಂದು ಪಂದ್ಯದ ಸಿ.ಡಿ. ಹುಡುಕಿ ತಂದ. ನಾವೆಲ್ಲ ಮೊದಲ ಸಲ ತಮ್ಮನ್ನು ಕಣ್ಣಾರೆ ಕಂಡೆವು. ಎದುರಿನವರು ಒದ್ದ ಚೆಂಡು ತಮ್ಮ ಬಲೆಗೆ ಬಿತ್ತು. ಯಜಮಾನರು ತಲೆ ಮೇಲೆ ಕೈಹೊತ್ತು "ಹೋಯ್ತಲ್ರೋ!" ಎಂದರು. ಅದೇ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆ ಹೊನ್ನಿ ಅವರು ಚಟಚಟ ಚಪ್ಪಾಳೆ ಹೊಡೆದರು. ನಾವೆಲ್ಲ ತಿರುಗಿ ನೋಡಿದೆವು. "ಎಂತಾ ನೋಡ್ತ್ರಿ? ನಮ್ಮ ಬಲೆಗೆ ಬಿತ್ತು, ಅವ್ರ ಬಲೆ ಖಾಲಿ. ಮತ್ತೆಂತಕ್ಕೆ ಮೋರೆ ಸಣ್ಣ ಮಾಡ್ಕಂಡಿರಿ?" ಎಂದು ನಮ್ಮನ್ನೇ ಗದರಿಸಿದರು.

ಮಾನ್ಯರೇ, ಜನ್ಮವಿಡೀ ಬಲೆ ತುಂಬಿ ಬರಲೆಂದು ದೀಪ ಹಚ್ಚಿದ ಮುದುಕಿ ಅದು. ಮಗನ ತಂಡಕ್ಕೂ ಬಲೆ ಇದೆ ಎಂದು ಕೇಳಿದ್ದೇ, ಪ್ರತಿ ಶನಿವಾರ ಮುಸ್ಸಂಜೆ "ನಮ್ಮವ್ರ ಬಲೆ ತುಂಬ್ಲಿ ತಾಯೀ" ಎಂದು ಒಂದು ದೀಪ ಹೆಚ್ಚಿಗೆ ಹಚ್ಚುತ್ತ ಬಂದಿದ್ದಾರೆ! ಅವರ ದೀಪಕ್ಕೆ ಶಕ್ತಿ ಇದೆ ಎಂದು ಕೇಣಿಯಲ್ಲೆಲ್ಲ ಹೆಸರು. ಅಂದರೆ ಮಗ ಮೇಲಕ್ಕೆ ಎಳೆದದ್ದು, ತಾಯಿ ಕೆಳಕ್ಕೆ ಎಳೆದದ್ದು, ನಡುವೆ ನಾನು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿದ್ದು. ಒಂದೇ ಮನೆಯವರು ಹೀಗೆ ಹಗ್ಗ ಎಳೆದರೆ ತಾವಾದರೂ ಎಲ್ಲಿಗೆ ಹೋಗುತ್ತೀರಿ, ಪಾಪ? ತಮ್ಮ ಕೋಚನ್ನು ಕೆಲಸದಿಂದ ತೆಗೆದರೆಂದು ಆಮೇಲೆ ಕೇಳಿದೆ. ಆ ಬಡಪಾಯಿಯದೇನೂ ತಪ್ಪಿಲ್ಲ, ದಯವಿಟ್ಟು ಮರಳಿ ಕರೆಸಿಕೊಳ್ಳಿ.

ಮೇ ತಿಂಗಳಲ್ಲಿ ತಮ್ಮ ಆಟ ಮುಗಿಯಿತು. ಇಪ್ಪತ್ನಾಲ್ಕು ತಂಡಗಳಲ್ಲಿ ತಮಗೆ ಹನ್ನೆರಡನೇ ಸ್ಥಾನ. ಮೇಲಿನವರಿಗೂ ಸಲ್ಲದೆ, ಕೆಳಗಿನವರಿಗೂ ಬೇಡವಾಗಿ, ಅಚ್ಚ ನಡುವೆ! ತಮ್ಮ ಊರಿನ ಪತ್ರಿಕೆ ಅದನ್ನು 'ತೃಪ್ತಿಕರ' ಎಂದು ಬರೆಯಿತಂತೆ. ಮನಿಷಾ ಫೋನು ಕೆಳಗಿಟ್ಟು, "ಆಯೀ, ಇನ್ನೊಂದು ವರ್ಷ" ಎಂದಳು. ಅಷ್ಟೇ. ಅಳಲಿಲ್ಲ. ಹೋಗಿ ಬಾವಿಕಟ್ಟೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಅಗಸೂರಿನ ಗಂಗೆ ಮರುದಿನವೇ ಅಮದಳ್ಳಿಯ ಬಸ್ಸು ಹತ್ತಿದ ಸುದ್ದಿಯೂ ಬಂತು.

ನನಗೆ ತಡೆಯಲಾಗಲಿಲ್ಲ. ಮತ್ತೆ ಗುನಗರಲ್ಲಿಗೆ ಓಡಿದೆ. ಏನಾದರೂ ಮಾಡಿ, ನನ್ನ ಹುಡುಗಿ ಬಡವಾಗುತ್ತಿದ್ದಾಳೆ ಎಂದು ಅತ್ತುಬಿಟ್ಟೆ. ಅವರು ಬಹಳ ಹೊತ್ತು ಎಲೆ ಅಡಿಕೆ ಜಗಿದು, ಹರಕೆ ಎಂಬುದು ಮನೆಯದು, ಹೊರುವ ತಲೆ ಬದಲಾದರೆ ದೇವರ ತಕರಾರಿಲ್ಲ ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ನೀ ಕೇಳ್ಲೇ ಇಲ್ವಲ್ಲೇ" ಎಂದರು. ಆದರೆ ಒಂದು ಕಟ್ಟಳೆ ಇತ್ತು: ಹೊಸದಾಗಿ ಹೊರುವವರಿಗೆ ಬಂಗಡೆಯ ಮೇಲೆ ಹಳಬರಿಗಿಂತ ಹೆಚ್ಚು ಆಸೆ ಇರಬೇಕು, ಇಲ್ಲವಾದರೆ ದೇವರಿಗೆ ಮೋಸ. ಹಲ್ಲಿಲ್ಲದ ಅತ್ತೆಯಿಂದ ಆಗದು. ಮದುಮಗಳಿಂದ ಹೊರಿಸಲಾಗದು. ರೋಷನನಿಗೆ ಹಡಗಿನಲ್ಲಿ ಕೋಳಿ ತಿಂದು ರೂಢಿ. ಗುನಗರು ನನ್ನ ಮುಖ ನೋಡಿದರು. ಇಡೀ ಕೇಣಿಗೇ ಗೊತ್ತಿರುವುದನ್ನು ನಾನು ಹೇಗೆ ಅಡಗಿಸಲಿ? ತೆಂಗಿನಕಾಯಿ ಇಟ್ಟೆ, ಹೂವು ತಲೆಗೆ ಮುಡಿಸಿಕೊಂಡೆ. ಇಷ್ಟು ಆಸೆಯ ಬಾಯಿ ಸಿಕ್ಕ ಮೇಲೆ ಒಲೆ ಬೇಡವೆಂದರು ಗುನಗರು. ಒಲೆಯ ಕಟ್ಟು ಬಿಟ್ಟಿತು, ಯಜಮಾನರ ಬಾಯಿಯ ಕಟ್ಟು ಬಿಟ್ಟಿತು, ನನ್ನ ಬಾಯಿಗೆ ಬಿತ್ತು. ಈಗ ದುರ್ಗಿಯ ಮನೆಯಲ್ಲೂ ಇಲ್ಲ.

ಆ ವಾರವೇ ನಿಶ್ಚಯ, ಮಳೆಗೆ ಮುಂಚೆ ಮದುವೆ. ನಿಶ್ಚಯದ ದಿನ ನಾನೇ ಮಸಾಲೆ ಹಚ್ಚಿ ಹುರಿದ ಬಂಗಡೆಯನ್ನು ಒಂದೇ ಎಲೆಗೆ ಬಡಿಸಿದೆ. ಪುಟ್ಟು ಅವರು ಬಾಲದ ಬದಿಯನ್ನು ಶಾಸ್ತ್ರಕ್ಕೆಂಬಂತೆ ಮುರಿದು ತಿಂದರು. ನಮ್ಮ ಯಜಮಾನರು ಒಂದು ಇಡೀ ಹಂಗಾಮಿನ ಹಸಿವು ಹೊತ್ತು ಕೂತವರು, ಕಣ್ಣು ಮುಚ್ಚಿ ತಲೆಯ ಬದಿಯನ್ನು ಮುಳ್ಳೂ ಉಳಿಯದಂತೆ ತಿಂದು, ಬೆರಳು ನೆಕ್ಕಿ, "ಆಹಾ, ಏನ್ ರುಚಿಯೇ ಮಾರಾಯ್ತಿ!" ಎಂದು ನನ್ನ ಕಡೆ ನೋಡಿದರು. ನೋಡಿದ ಮೇಲೆ ನೆನಪಾಗಿ ತಲೆ ತಗ್ಗಿಸಿದರು. ಬಾಗಿಲಲ್ಲಿ ನಿಂತಿದ್ದ ಮನಿಷಾ ಅತ್ತಳು. ನಾನೂ ಅತ್ತೆ. ಮಗಳಿಗಾಗಿಯೋ ಮೀನಿಗಾಗಿಯೋ ಎಂದು ಕೇಳಬೇಡಿ, ಎರಡಕ್ಕೂ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ವಿನಂತಿ ಏನೆಂದರೆ, ಈ ಸಲ ತಾವು ದಯಮಾಡಿ ಒಂದು ನಿರ್ಧಾರಕ್ಕೆ ಬರಬೇಕು. ಏರಿ, ಇಲ್ಲವೇ ಬೀಳಿ. ಎರಡೂ ಆಗದಿದ್ದರೆ ಆ ಎರಡನೇ ದರ್ಜೆಯನ್ನೇ ರದ್ದು ಮಾಡುವಂತೆ ತಮ್ಮ ರಾಣಿಯವರಿಗೆ ಒಂದು ಮಾತು ಹೇಳಿ, ಅರ್ಜಿ ಬೇಕಾದರೆ ನಾನು ಬರೆದುಕೊಡುತ್ತೇನೆ. ಅದೂ ಕಷ್ಟವೆಂದಾದರೆ ಅಂಗಿಯ ಎದೆಯ ಮೇಲಿನ ಮೀನನ್ನು ತೆಗೆದು ಒಂದು ಹಾಗಲಕಾಯಿ ಹಾಕಿಸಿ. ಅದನ್ನು ಸಾಯುವತನಕ ಬಿಟ್ಟಿರಲು ನಾನು ಸಿದ್ಧ. ಮತ್ತೊಂದು ಮಾತು: ನಮ್ಮ ಅಂಕೋಲೆಯವರು ಒಂದು ಕಾಲಕ್ಕೆ ಉಪ್ಪಿಗಾಗಿ ತಮ್ಮವರ ವಿರುದ್ಧ ಸತ್ಯಾಗ್ರಹ ಮಾಡಿದವರು. ತಾವು ಕೊನೆಗೆ ದೇಶವನ್ನೇ ಬಿಟ್ಟು ಹೋದದ್ದು ನೆನಪಿರಬಹುದು. ಈಗ ಬಿಟ್ಟುಹೋಗಿ ಎನ್ನುತ್ತಿರುವುದು ಬರೀ ಒಂದು ದರ್ಜೆಯನ್ನು.

ಚೌತಿಗೆ ಮನಿಷಾ ಅಳಿಯನೊಂದಿಗೆ ಬಂದಿದ್ದಳು. ಗಣಪತಿಯನ್ನು ಕಳಿಸಿದ ಮರುದಿನ, "ಆಯೀ, ನಿನ್ ಕೈಯ ಬಂಗ್ಡೆ ಸಾರು ಬೇಕು" ಎಂದಳು. ಮಾಡಿದೆ. ಸಾರು ಕುದಿಯುವಾಗ ಅಂಗೈಗೆ ಒಂದು ಹನಿ ಹಾಕಿಕೊಂಡು ಉಪ್ಪು ನೋಡುವ ರೂಢಿ ನನಗೆ, ಹಾಕಿಕೊಂಡೂ ಆಗಿತ್ತು. ಸೆರಗಿಗೆ ಒರೆಸಿಕೊಂಡೆ. ಅಂದಾಜಿನ ಮೇಲೆ ಉಪ್ಪು ಹಾಕಿ ಬಡಿಸಿ, ಅವಳು ಮೊದಲ ತುತ್ತು ನುಂಗುವವರೆಗೆ ಉಸಿರು ಹಿಡಿದು ನಿಂತಿದ್ದೆ. ಸರಿಯಾಗಿತ್ತಂತೆ. ಅವಳು ಉಂಡ ಆ ಚಂದ ನೋಡಿ ನನ್ನ ಹೊಟ್ಟೆ ತುಂಬಿತು ಎಂದು ಬರೆದರೆ ಅರ್ಧ ಸುಳ್ಳಾದೀತು. ಉಳಿದರ್ಧ ತಮ್ಮ ಕಾಲಲ್ಲಿದೆ.

ಬೇರೆ ತಂಡ ಹಿಡಿಯಲು ದೇವರ ಅಪ್ಪಣೆ ಇಲ್ಲದ ಕಾರಣ,
ತಮ್ಮ ವಿಶ್ವಾಸಿ,
ಕಲಾವತಿ ಜಟ್ಟಪ್ಪ ಹರಿಕಂತ್ರ

ತಾ.ಕ.: ನಮ್ಮ ಬಲೆಗೆ ಬಿದ್ದರೆ ನಮಗೆ ನಷ್ಟ ಎಂಬುದನ್ನು ಕೊನೆಗೂ ಧೈರ್ಯ ಮಾಡಿ ಚೌತಿಯ ದಿನ ಅತ್ತೆಗೆ ಬಿಡಿಸಿ ಹೇಳಿದೆ. ಅವರಿಗೆ ಕೆಂಡದಂಥ ಸಿಟ್ಟು ಬಂತು. "ಬಲೆ ತುಂಬಿದವ್ರೇ ಸೋಲೂದು ಅಂದ್ರೆ ಅದೆಂತಾ ದರಿದ್ರ ಆಟ? ಹಂಗಾರೆ ಯಾರ ಬಲೆಗೂ ಎಂತದೂ ಬೀಳೂದೇ ಬೇಡ!" ಎಂದು ಅಂದಿನಿಂದ ಎರಡು ದೀಪ ಹಚ್ಚುತ್ತಿದ್ದಾರೆ. ಅಂದಿನಿಂದ ತಾವು ಆಡಿದ ಪಂದ್ಯಗಳೆಲ್ಲ ಸೊನ್ನೆಗೆ ಸೊನ್ನೆ ಎಂದು ಅಳಿಯ ಹೇಳುತ್ತಿದ್ದಾನೆ. ತಾವು ದಯವಿಟ್ಟು ಅತ್ತೆಯವರ ಹೆಸರಿಗೇ ಬೇರೆ ಪತ್ರ ಬರೆದು ಕಾಲು ಹಿಡಿದುಕೊಳ್ಳಿ. ನಾನು ಹೇಳಿದರೆ ಸೊಸೆ ಹೇಳಿದಳೆಂದು ಮೂರನೆಯ ದೀಪ ಹಚ್ಚುತ್ತಾರೆ.